ಶನಿವಾರದ ನಿಲ್

ಸರ್ಕಾರದ ಒಂದು ಹುದ್ದೆಯನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಭೀಮಾ ರಾಜ್ಯದಲ್ಲಿ ಬಹಳ ಕಾಲ ಒಂದೇ ಉತ್ತರವಿತ್ತು: ಧರಣಿಯಾಗುತ್ತದೆ. ಧರಣಿ ಮುಗಿದ ಮೇಲೆ ಏನಾಗುತ್ತದೆ ಎಂದು ನೋಡುವ ಧೈರ್ಯ ಯಾವ ಮಂತ್ರಿಗೂ ಇರಲಿಲ್ಲ, ನೋಡುವ ಸಾಧನವೂ ಇರಲಿಲ್ಲ. ಜೋಡಿರಾಜ್ಯ ಬಂದಮೇಲೆ ಸಾಧನ ಸಿಕ್ಕಿತು. ಧೈರ್ಯವನ್ನು ರಾಜ್ಯಪಾಲರು ತಮ್ಮ ಜೊತೆಗೇ ತಂದಿದ್ದರು.

ಸಚಿವಾಲಯದ ನೆಲಮಾಳಿಗೆಯಲ್ಲಿ, ಹಿಂದೆ ಹಳೆಯ ಕಡತಗಳನ್ನು ಗೆದ್ದಲು ತಿನ್ನುತ್ತಿದ್ದ ಕೋಣೆಯಲ್ಲಿ, ಈಗ ಆಳೆತ್ತರದ ಹದಿನಾರು ಕಪ್ಪು ಕಪಾಟುಗಳು ತಣ್ಣನೆಯ ಗಾಳಿಯಲ್ಲಿ ನಿಂತಿದ್ದವು. ಅವುಗಳೊಳಗೆ ಇನ್ನೊಂದು ಭೀಮಾ ರಾಜ್ಯವಿತ್ತು. ನಲವತ್ತು ವರ್ಷಗಳ ಸರ್ಕಾರಿ ದಾಖಲೆಗಳನ್ನೆಲ್ಲ ಓದಿಸಿ ಅದನ್ನು ಕಟ್ಟಿದ್ದರು. ಮಳೆ, ಬೆಳೆ, ಶಾಲೆಯ ಹಾಜರಿ, ಆಸ್ಪತ್ರೆಯ ವಹಿ, ಠಾಣೆಯ ದೂರು, ಯಾವುದನ್ನೂ ಬಿಟ್ಟಿರಲಿಲ್ಲ. ಎರಡೂವರೆ ಕೋಟಿ ಜನರ ನೆರಳುಗಳು ಅದರಲ್ಲಿ ದುಡಿಯುತ್ತಿದ್ದವು, ಮದುವೆಯಾಗುತ್ತಿದ್ದವು, ಕಾಯಿಲೆ ಬೀಳುತ್ತಿದ್ದವು. ಆ ರಾಜ್ಯದಲ್ಲಿ ಒಂದು ಹುದ್ದೆಯನ್ನು ತೆಗೆದು, ಕಾಲವನ್ನು ಹತ್ತು ವರ್ಷ ಮುಂದಕ್ಕೆ ಓಡಿಸಿದರೆ, ಹನ್ನೊಂದು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಯಾವ ನೆರಳಿಗೂ ನೋವಾಗದಿದ್ದರೆ ನಿಜವಾದ ರಾಜ್ಯದಲ್ಲೂ ಆ ಹುದ್ದೆ ರದ್ದು.

ಜೋಡಿರಾಜ್ಯಕ್ಕೆ ದಾಖಲೆ ಉಣಿಸುವ ಕೆಲಸ ಇಂದುಮತಿ ಕಟ್ಟೀಮನಿಯದು. ಸಂಖ್ಯಾಶಾಸ್ತ್ರ ಇಲಾಖೆಯ ಜಂಟಿ ನಿರ್ದೇಶಕಿ, ನಲವತ್ನಾಲ್ಕು ವರ್ಷ, ಮಾತು ಕಡಿಮೆ. ಕಟ್ಟುವಾಗಲೂ ಅವಳಿದ್ದಳು, ಈಗ ಕಾಯುವಾಗಲೂ ಅವಳೇ. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಅದನ್ನೇನೂ ಮುಚ್ಚಿಡಬೇಕಾಗಿಲ್ಲ.

ರಾಜ್ಯಪಾಲರ ಹೆಸರು ಭಾರ್ಗವ ಫುಕನ್. ಅಸ್ಸಾಮಿನವರು, ಒಂದು ಕಾಲದಲ್ಲಿ ಭೌತವಿಜ್ಞಾನ ಕಲಿಸಿದವರು. ನೌಕರರ ಸಂಬಳವೇ ಎರಡು ತಿಂಗಳು ನಿಂತು, ಮಂತ್ರಿಮಂಡಲ ಉರುಳಿ, ವಿಧಾನಸಭೆ ವಿಸರ್ಜನೆಯಾದಾಗ ಆಡಳಿತ ಅವರ ಕೈಗೆ ಬಂದಿತ್ತು. ಬಂದ ವಾರದಲ್ಲೇ ರಾಜಭವನದ ಹನ್ನೆರಡು ಕಾರುಗಳಲ್ಲಿ ಹನ್ನೊಂದನ್ನು ಹರಾಜು ಹಾಕಿಸಿದರು. ದಿನಾ ಬೆಳಿಗ್ಗೆ ಏಳಕ್ಕೆ ತಮ್ಮ ಚಹಾವನ್ನು ತಾವೇ ಫ್ಲಾಸ್ಕಿನಲ್ಲಿ ತುಂಬಿಕೊಂಡು ನೆಲಮಾಳಿಗೆಗೆ ಇಳಿದು ಬರುತ್ತಿದ್ದರು. ಕನ್ನಡವನ್ನು ವ್ಯಾಕರಣದ ಪುಸ್ತಕದಿಂದ ಕಲಿತಿದ್ದರಿಂದ ಜವಾನನಿಗೂ "ತಾವು ಕುಳಿತುಕೊಳ್ಳಿರಿ" ಎನ್ನುತ್ತಿದ್ದರು. ಡ್ರೈವರುಗಳು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ಆದರೆ ಲಂಚದ ಮಾತು ಎತ್ತಿ ಅವರನ್ನು ಅಣಕಿಸಲು ಯಾರಿಗೂ ಆಗಲಿಲ್ಲ.

ಮೊದಲ ಆರು ಪಟ್ಟಿಗಳು ಹೊರಬಿದ್ದಾಗ ಜನ ಒಳಗೊಳಗೇ ಖುಷಿಪಟ್ಟರು. ಕರೆಂಟು ಬಂದು ಎಂಬತ್ತು ವರ್ಷವಾಗಿದ್ದರೂ ಕಂದೀಲು ದುರಸ್ತಿಯ ಮೇಲ್ವಿಚಾರಕರು ಒಂಬತ್ತು ಮಂದಿ ಇದ್ದರು, ಅವರು ಹೋದರು. ಒಬ್ಬರು ಇನ್ನೊಬ್ಬರ ಕಡತಕ್ಕೆ ಮುದ್ರೆ ಒತ್ತುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಮೂರು ಕಚೇರಿಗಳು ಮುಚ್ಚಿದವು, ಯಾರಿಗೂ ಗೊತ್ತೇ ಆಗಲಿಲ್ಲ. ರಾಜಕೀಯದವರು ಮಾತ್ರ ಉರಿದೆದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಿದ್ದ ಮೂರು ಪಕ್ಷಗಳ ನಾಯಕರು ಸಚಿವಾಲಯದೆದುರು ಒಂದೇ ಶಾಮಿಯಾನದ ಕೆಳಗೆ ಒಂದೇ ಜಮಖಾನೆಯ ಮೇಲೆ ಕುಳಿತರು. ಬಂದ್ ಆಯಿತು, ಪ್ರತಿಕೃತಿ ಸುಟ್ಟದ್ದಾಯಿತು, ದೆಹಲಿಗೆ ನಿಯೋಗ ಹೋದದ್ದಾಯಿತು. ರಾಜ್ಯಪಾಲರು ಎಲ್ಲರಿಗೂ ಕೊಟ್ಟ ಉತ್ತರ ಒಂದೇ ಆಗಿತ್ತು. "ತಮ್ಮ ಮಾತು ಸಾಕ್ಷಿಯಲ್ಲ. ದಾಖಲೆಯನ್ನು ತನ್ನಿರಿ. ಜೋಡಿರಾಜ್ಯಕ್ಕೆ ಉಣಿಸೋಣ."

ಏಳನೆಯ ಪಟ್ಟಿ ಮೇ ತಿಂಗಳ ಎರಡನೆಯ ವಾರ ಬಂತು. ಪರದೆಯ ಮೇಲೆ ಒಂದೇ ಸಾಲು: ನೀರು ಮತ್ತು ಸಾಂಕ್ರಾಮಿಕ ನಿಗಾ ಆರೋಗ್ಯ ಸಹಾಯಕಿಯರು, ಸಾವಿರದ ಎಂಟುನೂರ ನಲವತ್ತು ಹುದ್ದೆ. ಹತ್ತು ವರ್ಷ ಮುಂದೆ ಓಡಿಸಿದರೂ ಪರಿಣಾಮ ಏನೂ ಇಲ್ಲ.

ಇಂದುಮತಿ ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತಳು. ಆ ಸಾವಿರದ ಎಂಟುನೂರ ನಲವತ್ತರಲ್ಲಿ ಬನ್ನಿಗಂಜಿನ ಚಂದಮ್ಮ ಒಬ್ಬಳು. ಇಂದುಮತಿಯ ಅಕ್ಕ. ತಾಯಿತಂದೆ ಒಂದೇ ವರ್ಷದಲ್ಲಿ ಹೋದಾಗ ಹತ್ತು ವರ್ಷದ ತಂಗಿಯನ್ನು ಕಟ್ಟಿಕೊಂಡು ನೌಕರಿಗೆ ಸೇರಿದವಳು, ಮದುವೆಯ ಮಾತು ಬಂದಾಗಲೆಲ್ಲ "ಇಂದೂದು ಓದು ಮುಗೀಲಿ" ಎಂದು ಮುಂದೂಡುತ್ತ ಹಾಗೇ ಉಳಿದವಳು. ಪಿಂಚಣಿಗೆ ಇನ್ನು ಎರಡು ವರ್ಷವಿತ್ತು.

ಆದರೆ ಇಂದುಮತಿ ಎದ್ದು ನಿಂತದ್ದು ಅದಕ್ಕಲ್ಲ. ಯಂತ್ರಕ್ಕೆ ಆ ಉತ್ತರ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಬನ್ನಿಗಂಜಿನ ಕುಡಿಯುವ ನೀರಿನ ಪೈಪು ಸಂತೆಬಜಾರದ ಗಟಾರದ ಒಳಗೇ ಹಾದುಹೋಗುತ್ತದೆ. ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದೊಡನೆ ಗಟಾರ ತುಂಬಿ, ಪೈಪಿನ ಕೀಲುಗಳಿಂದ ಹೊಲಸು ಒಳಗೆ ಇಳಿಯುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಚಂದಮ್ಮ ನೀರು ಬಿಡುವ ವಾಲ್ವಿನವನನ್ನು ಬೈದು ಕರೆದೊಯ್ದು, ಕೀಲುಗಳಿಗೆ ಸೈಕಲ್ ಟ್ಯೂಬು ಸುತ್ತಿಸುತ್ತಿದ್ದಳು. ನೀರಿನ ಟಾಕಿಗೆ ತಾನೇ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದಳು. ಬೆಳಗಾದರೆ ಓಣಿ ಓಣಿ ತಿರುಗಿ ಗೋಡೆಗಳನ್ನು ನೋಡುತ್ತಿದ್ದಳು. ಮೋಡ ಕವಿದ ದಿನ ಯಾವ ಮನೆಯವರು ಕೌದಿ ಒಗೆದು ಗೋಡೆಗೆ ಹಾಕಿದ್ದಾರೋ ಆ ಮನೆಯಲ್ಲಿ ಭೇದಿ ಹತ್ತಿದೆ ಎಂದು ಅರ್ಥ. ನೇರ ಒಳಗೆ ಹೋಗಿ ಉಪ್ಪುಸಕ್ಕರೆ ನೀರು ಕುಡಿಸಿ, ಹೆಚ್ಚಾಗಿದ್ದವರನ್ನು ಗಾಡಿ ಹಿಡಿದು ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದಳು. ಹೀಗೆ ಏಳೆಂಟು ಮನೆಗೆ ಹತ್ತುವಷ್ಟರಲ್ಲಿ ಕಾಯಿಲೆ ನಿಂತುಬಿಡುತ್ತಿತ್ತು.

ಶನಿವಾರ ಸಂಜೆ ವಾರದ ವರದಿ ಕಳಿಸಬೇಕು. ಅಕ್ಕನ ಕೈಗಳು ಪೌಡರಿಗೆ ಸುಟ್ಟು ಬಿರಿದಿರುತ್ತಿದ್ದವು. ಅಕ್ಷರ ಚೆನ್ನಾಗಿದೆಯೆಂದು ಫಾರಂ ತುಂಬುವ ಕೆಲಸ ಇಂದುಮತಿಗೆ ಬರುತ್ತಿತ್ತು. ವಾಂತಿಭೇದಿ ಪ್ರಕರಣ ಎಷ್ಟು ಎಂಬ ಕಾಲಮ್ಮಿಗೆ ಬಂದಾಗ ಅವಳು ತಲೆಯೆತ್ತಿ ಕೇಳುವಳು. ಅಕ್ಕ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, "ನಿಲ್ ಅಂತ ಬರಿ" ಎನ್ನುವಳು, ಒಂದೂ ಇಲ್ಲ ಎಂದು.

ಯಾಕೆಂದರೆ ನೌಕರಿಗೆ ಸೇರಿದ ಮೊದಲ ವರ್ಷ ಚಂದಮ್ಮ ನಿಜವಾಗಿ "ನಾಲ್ಕು" ಎಂದು ಬರೆದಿದ್ದಳು. ನಾಲ್ಕು ಯಾಕಾಯಿತು ಎಂದು ಕೇಳಲು ಮೂರು ಜೀಪು ಬಂದವು. ವಾಲ್ವಿನವನನ್ನು ಕೆಲಸದಿಂದ ತೆಗೆದರು, ಡಾಕ್ಟರಿಗೆ ನೋಟೀಸು, ಅವಳಿಗೆ ಆರು ತಿಂಗಳು ಅರ್ಧ ಸಂಬಳ. ಪೈಪು ಮಾತ್ರ ಗಟಾರದಲ್ಲೇ ಉಳಿಯಿತು. ಆಮೇಲೆ ಅವಳ ಮೇಲಿನವಳು ಕರೆದು, ಶನಿವಾರದ ಪದ್ಧತಿ ಏನೆಂದು ತಿಳಿಸಿ ಹೇಳಿದಳು. ರಾಜ್ಯದ ಎಲ್ಲ ಸಹಾಯಕಿಯರಿಗೂ ಯಾರೋ ಒಬ್ಬರು ಹಾಗೆ ಕರೆದು ಹೇಳಿದ್ದರು. ದೊಡ್ಡಾಸ್ಪತ್ರೆಯವರೂ ಅದೇ ಭಯಕ್ಕೆ "ಹೊಟ್ಟೆನೋವು, ಇತರೆ" ಎಂದು ಬರೆದುಕೊಳ್ಳುತ್ತಿದ್ದರು. ಕಾಯಿಲೆಯನ್ನು ತಡೆಯುವುದು, ತಡೆದದ್ದನ್ನು ಬಚ್ಚಿಡುವುದು, ಎರಡೂ ನೌಕರಿಯ ಭಾಗವೇ ಆಗಿಹೋಗಿದ್ದವು.

ಹೀಗೆ ಮೂವತ್ನಾಲ್ಕು ವರ್ಷ, ಸಾವಿರದ ಎಂಟುನೂರು ಊರು, ವಾರಕ್ಕೊಂದು ನಿಲ್. ಮೂವತ್ತು ಲಕ್ಷಕ್ಕೂ ಮಿಕ್ಕಿದ ನಿಲ್‌ಗಳನ್ನು ಇಂದುಮತಿಯೇ ಯಂತ್ರಕ್ಕೆ ಉಣಿಸಿದ್ದಳು. ಉಣಿಸುವಾಗ ಅದು ನೆನಪಾಗಲಿಲ್ಲವೇ? ಆಗಿತ್ತು. ಒಂದು ಯೋಜನೆಯ ಉದ್ಘಾಟನೆಗೆ ಇಪ್ಪತ್ತು ದಿನ ಉಳಿದಿರುವಾಗ ಎಷ್ಟೋ ಸಂಗತಿಗಳು ನೆನಪಾಗುತ್ತವೆ, ಆಮೇಲೆ ನೋಡೋಣ ಎಂದುಕೊಳ್ಳುತ್ತೇವೆ. ಅವಳೂ ಅಂದುಕೊಂಡಿದ್ದಳು.

ಮರುದಿನ ಏಳಕ್ಕೆ ರಾಜ್ಯಪಾಲರು ಬಂದಾಗ ಎಲ್ಲವನ್ನೂ ಹೇಳಿದಳು. ಅಕ್ಕನ ಹೆಸರನ್ನೂ ಬಿಡಲಿಲ್ಲ. ಫುಕನ್ ಅವರು ಚಹಾದ ಬಟ್ಟಲು ಕೆಳಗಿಟ್ಟು ಕೊನೆಯವರೆಗೆ ಕೇಳಿದರು.

"ತಾವು ಹೇಳುತ್ತಿರುವುದು ಸತ್ಯವಿರಬಹುದು," ಎಂದರು. "ಆದರೆ ಶಿಕ್ಷಕರು ಬಂದರು, ಅರಣ್ಯದವರು ಬಂದರು. ಎಲ್ಲರೂ ತಮ್ಮ ದಾಖಲೆ ಅಪೂರ್ಣ ಎಂದೇ ಹೇಳಿದರು. ನಾನು ಯಾರ ಮುಖವನ್ನು ನೋಡಿ ನಂಬಲಿ?"

"ಅವರಿಂದಲೇ ಬರೆಸಿ ತರುತ್ತೇನೆ ಸರ್. ಇನ್ನೂರು ಮಂದಿ ತಮ್ಮ ವರದಿ ಸುಳ್ಳೆಂದು ಒಪ್ಪಿದರೆ ಸಾಕು, ಜೋಡಿರಾಜ್ಯ ಆ ಇಡೀ ಕಾಲಮ್ಮನ್ನು ನಂಬುವುದನ್ನು ಬಿಡುತ್ತದೆ. ನಿನ್ನೆ ಲೆಕ್ಕ ಹಾಕಿ ನೋಡಿದೆ. ಆದರೆ ತಾವು ಅವರಿಗೆ ಕ್ಷಮೆ ಕೊಡಬೇಕು."

"ಕ್ಷಮೆ ಕೊಡಲಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕೊಟ್ಟರೆ ನಾಳೆಯೇ ಎಲ್ಲ ಇಲಾಖೆಯವರೂ ನಮ್ಮ ದಾಖಲೆ ಸುಳ್ಳು ಎಂದು ಸಹಿ ಮಾಡಿ ತಂದು ಇಡುತ್ತಾರೆ. ಶಿಕ್ಷೆಯಾಗುತ್ತದೆ ಎಂದು ಗೊತ್ತಿದ್ದೂ ಒಬ್ಬರು ಹೇಳಿದರೆ ಆ ಮಾತಿಗೆ ತೂಕವಿದೆ. ಹದಿನೈದು ದಿನ ಕಾಯುತ್ತೇನೆ. ಇನ್ನೂರು ಸಹಿ ಬಂದರೆ ಏಳನೆಯ ಪಟ್ಟಿಯನ್ನು ನನ್ನ ಕೈಯಿಂದಲೇ ಹರಿಯುತ್ತೇನೆ."

ಅವರು ಹರಿಯುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಕಷ್ಟವೆಂದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ಇಂದುಮತಿಗೆ ಆಗಲಿಲ್ಲ. ದುಷ್ಟನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮೆಟ್ಟಿಲು ಹತ್ತಿ ಹೊರಬಂದವಳನ್ನು ಶಾಮಿಯಾನದಿಂದ ಯಾರೋ ಕರೆದರು. ಮಾಜಿ ಆರೋಗ್ಯ ಮಂತ್ರಿ ವೀರಭದ್ರಗೌಡರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

"ಬರ್ರಿ ಮೇಡಂ, ಕುಂಡ್ರಿ. ಆ ನರ್ಸ್ ಬಾಯಾರನ್ನ ಇಲ್ಲಿ ಕರಕೊಂಡ್ ಬರ್ರಿ. ವೇದಿಕಿ ಕೊಡ್ತೀನಿ, ಮೈಕ್ ಕೊಡ್ತೀನಿ. ಹೊಟ್ಟಿ ಮ್ಯಾಲ ಬರಿ ಎಳಿಬ್ಯಾಡ್ರಿ ಅಂತ ಅಳ್ಲಿ ಅವರು."

"ಅಳೂದಲ್ರಿ ಗೌಡ್ರ. ಆ ನಿಲ್ ಎಲ್ಲ ಸುಳ್ಳು ಅಂತ ಹೇಳ್ಬೇಕಾಗೇದ. ನೀವು ಮಂತ್ರಿ ಇದ್ದಾಗಿಂದೂ ಸುಳ್ಳ ಇತ್ತು. ನಿಮಗೂ ಗೊತ್ತಿತ್ತಲ್ಲ? ನೀವೊಂದು ಮಾತು ಬರಕೊಟ್ರ ಇನ್ನೂರು ಸಹಿಕಿಂತ ತೂಕ ಆಗ್ತದ."

ಗೌಡರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕಾಲರಾ ಇಲ್ಲದ ರಾಜ್ಯ ಅಂತ ದೆಹಲ್ಯಾಗ ಪದಕ ಇಸ್ಕೊಂಡ್ ಬಂದೀನಿ ನಾ. ಅದು ಸುಳ್ಳು ಅಂತ ನಾನ ಬರಕೊಡ್ಲ್ಯಾ? ಹಂತಾ ಮಾತು ಬಿಡ್ರಿ. ಅಳಾಕ ಬರ್ತಾರಂದ್ರ ಕಳಸ್ರಿ."

ಅವಳು ಅದೇ ಮಧ್ಯಾಹ್ನದ ಬಸ್ಸಿಗೆ ಬನ್ನಿಗಂಜಿಗೆ ಹೋದಳು.

ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು. ತಂಗಿಯ ಮುಖ ನೋಡಿ, "ಮೊದಲ ಉಣ್ಣು. ಸುದ್ದಿ ಎಲ್ಲೂ ಓಡಿಹೋಗೂದಿಲ್ಲ," ಎಂದಳು. ಉಂಡಾದ ಮೇಲೆ ಪೂರ್ತಿ ಕೇಳಿಸಿಕೊಂಡು, ಸುತ್ತಲಿನ ಹಳ್ಳಿಗಳ ಸಹಾಯಕಿಯರಿಗೆ ಫೋನು ಮಾಡಿದಳು. ಭಾನುವಾರ ಬೆಳಿಗ್ಗೆ ಇಪ್ಪತ್ತಾರು ಮಂದಿ ಬಂದು ಪಡಸಾಲೆಯಲ್ಲಿ ಕುಳಿತರು. ಇಂದುಮತಿ ಸಹಿಗೆಂದು ಬರೆದು ತಂದಿದ್ದ ತಪ್ಪೊಪ್ಪಿಗೆಯ ಹಾಳೆಯನ್ನು ಓದಿ ಹೇಳಿದಳು. ಅವಳಿಗೆ ವಿವರಿಸುವುದು ಚೆನ್ನಾಗಿ ಬರುತ್ತಿತ್ತು. ಎಲ್ಲರಿಗೂ ಅರ್ಥವಾಯಿತು, ಅದೇ ತೊಡಕಾಯಿತು.

ನೂರ್‌ಜಹಾನ್ ಎಂಬುವಳು ಎದ್ದಳು. ಮೂವತ್ತು ದಾಟದವಳು, ಕಂಕುಳಲ್ಲಿ ಕೂಸಿತ್ತು. "ಮೇಡಂರೀ, ಸಹಿ ಮಾಡ್ಲಿಲ್ಲಂದ್ರ ನೌಕರಿ ಹೋಗ್ತದ, ಒಂದ್ ವರ್ಷದ ಪಗಾರ ಕೈಯಾಗ ಕೊಟ್ಟು ಕಳಸ್ತಾರ. ಸಹಿ ಮಾಡಿದ್ರ ನೌಕರಿನೂ ಹೋಗ್ತದ, ಪಗಾರನೂ ಹೋಗ್ತದ, ಮ್ಯಾಲ ಕೇಸು. ಇದ್ರಾಗ ಯಾವ್ದು ಆರಿಸ್ಕೋಬೇಕು ಅಂತ ನೀವ ಹೇಳ್ರಿ."

"ಇನ್ನೂರು ಮಂದಿ ಆದ್ರ ನೌಕರಿ ಉಳೀತದವಾ."

"ಹುದ್ದಿ ಉಳೀತದ್ರಿ. ನಾವ್ ಉಳಿಯೂದಿಲ್ಲ. ನಮ್ಮ ಜಾಗಾಕ್ಕ ಬ್ಯಾರೆಯವರು ಬರ್ತಾರ."

ಇಂದುಮತಿ ಹಾಳೆ ಮಡಿಸಿದಳು. ಅಷ್ಟು ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಒಬ್ಬೊಬ್ಬರಾಗಿ ಚಹಾ ಕುಡಿದು, ಚಂದಮ್ಮನ ಕೈ ಮುಟ್ಟಿ, ಎದ್ದು ಹೋದರು. ಯಾರೂ ಜಗಳ ಮಾಡಲಿಲ್ಲ. ಮುಂದಿನ ಹತ್ತು ದಿನ ಅವಳು ಒಂಬತ್ತು ತಾಲೂಕು ಸುತ್ತಿದಳು, ಎಲ್ಲ ಕಡೆಯೂ ಚಹಾ ಕೊಟ್ಟರು.

ಹದಿನಾಲ್ಕನೆಯ ದಿನ ಮತ್ತೆ ಬನ್ನಿಗಂಜಿಗೆ ಬಂದು ಹಾಳೆಗಳನ್ನು ಕಟ್ಟೆಯ ಮೇಲೆ ಇಟ್ಟಳು. ಒಂದರ ಮೇಲೂ ಸಹಿ ಇರಲಿಲ್ಲ. ಚಂದಮ್ಮ ಕನ್ನಡಕ ಹಾಕಿಕೊಂಡು, ಮೇಲಿನ ಹಾಳೆ ಎತ್ತಿಕೊಂಡು, ಪೆನ್ನು ಕೇಳಿದಳು.

"ಬ್ಯಾಡಕ್ಕಾ," ಎಂದಳು ಇಂದುಮತಿ. "ಒಂದ ಸಹಿಗೆ ಏನೂ ಆಗೂದಿಲ್ಲ. ನನಗ ಗೊತ್ತದ, ನಾನ ಕಟ್ಟೀನಿ ಅದನ್ನ."

"ಆಗೂದಿಲ್ಲಂತ ನನಗೂ ತಿಳೀತದ. ಮಿರಗ ಎಷ್ಟ ದಿನ ಉಳದೈತಿ?"

"ಹತ್ತ ದಿನ."

"ಹತ್ತ ದಿನ ಬಿಟ್ಟು ಯಾರರ ಸತ್ರ, ಗೊತ್ತಿದ್ದೂ ನಾ ಸುಮ್ಮ ಕುಂತಿದ್ದೆ ಅಂತಾಗ್ತದ. ಒಂದ್ ಮಾತು ಕೇಳಿಲ್ಲಿ. ಆ ಪೈಪು ಅಲ್ಲೇ ಉಳದದ್ದು ನನ್ನಿಂದನೂ ಹೌದು. ವರ್ಷಾ ನಾಲ್ಕು, ಎಂಟು ಅಂತ ಬರಕೋತ ಹೋಗಿದ್ರ, ಒದಿಸ್ಕೋತ, ಬೈಸ್ಕೋತ, ಯಾರಾದ್ರೂ ಒಬ್ಬಾವ ಪೈಪು ತಗಸ್ತಿದ್ನೋ ಏನೋ. ನಾ ಮಂದೀನ ಉಳಸಿ, ಪೈಪನೂ ಉಳಸಿದೆ."

ಅಕ್ಕ ಸಹಿ ಮಾಡುವುದನ್ನು ಇಂದುಮತಿ ನೋಡುತ್ತ ಕುಳಿತಳು. ಕೈ ಹಿಡಿದು ತಡೆಯಬಹುದಿತ್ತು. ಹದಿನಾಲ್ಕು ದಿನ ಪರರ ಮನೆ ಬಾಗಿಲಲ್ಲಿ ಬೇಡಿದ್ದನ್ನೇ ಅಕ್ಕ ಕೊಡುತ್ತಿರುವಾಗ ತಡೆಯಲು ಅವಳಿಗೆ ಬಾಯಿ ಬರಲಿಲ್ಲ.

ರಾಜ್ಯಪಾಲರು ಆ ಹಾಳೆಯನ್ನು ಎರಡು ಸಲ ಓದಿದರು. ಬಾಲ್ಯದಲ್ಲಿ ಆ ಫಾರಂಗಳನ್ನು ತುಂಬಿದವಳು ತಾನೇ ಎಂದು ಇಂದುಮತಿ ಬರೆದಿದ್ದ ಇನ್ನೊಂದು ಹಾಳೆಯನ್ನೂ ಓದಿದರು. "ಹತ್ತು ವರ್ಷದ ಮಗುವಿಗೆ ಹೊಣೆ ಇಲ್ಲ," ಎಂದು ಅದನ್ನು ಹಿಂದಕ್ಕೆ ಕೊಟ್ಟರು. ಚಂದಮ್ಮನ ಹೇಳಿಕೆಯನ್ನು ಯಂತ್ರಕ್ಕೆ ಉಣಿಸಿದರು. ಹನ್ನೊಂದು ನಿಮಿಷ ಕಾದರು. ಬನ್ನಿಗಂಜಿನ ಚಂದಮ್ಮ ನಂಬಲು ಯೋಗ್ಯಳಲ್ಲ, ಅವಳ ದಾಖಲೆ ಕೈಬಿಡಲಾಗಿದೆ, ಪಟ್ಟಿಯಲ್ಲಿ ಬದಲಾವಣೆ ಇಲ್ಲ ಎಂದು ಉತ್ತರ ಬಂತು.

"ಇಡೀ ರಾಜ್ಯದಲ್ಲಿ ಒಬ್ಬರು ಧೈರ್ಯ ಮಾಡಿದರು," ಎಂದರು ಫುಕನ್. ಅವರ ಕಣ್ಣು ಒದ್ದೆಯಾಗಿತ್ತು, ನಾಟಕವೇನಲ್ಲ. ಆಮೇಲೆ ಪೆನ್ನು ತೆಗೆದು ಏಳನೆಯ ಪಟ್ಟಿಗೆ ಸಹಿ ಹಾಕಿದರು. ಚಂದಮ್ಮನ ವಜಾ ಆದೇಶಕ್ಕೂ ಹಾಕಿದರು. ಪಿಂಚಣಿ ಇಲ್ಲ, ಕೇಸನ್ನು ಮಾತ್ರ ಸದ್ಯಕ್ಕೆ ತಡೆಹಿಡಿಯಲಾಗಿದೆ. ಇಂದುಮತಿ ರಾಜೀನಾಮೆ ಕೊಡಬೇಕೆಂದುಕೊಂಡಳು. ಆದರೆ ಇನ್ನು ಅಕ್ಕನ ಮನೆಗೂ ಅವಳ ಸಂಬಳವೇ ಆಧಾರ. ಮರುದಿನ ಏಳಕ್ಕೆ ಎಂದಿನಂತೆ ಕೆಲಸಕ್ಕೆ ಬಂದಳು.

ಮಿರಗ ಸರಿಯಾದ ಹೊತ್ತಿಗೇ ಬಂತು. ಸಹಾಯಕಿಯರಿಲ್ಲದ ಮೇಲೆ ವಾರದ ವರದಿ ಕಳಿಸುವ ಕೆಲಸ ಶಾಲೆಯ ಹೆಡ್‌ಮಾಸ್ತರರ ಮೊಬೈಲಿಗೆ ಬಿದ್ದಿತ್ತು. ಅವರಿಗೂ ಯಾರೋ ಶನಿವಾರದ ಪದ್ಧತಿ ಹೇಳಿಕೊಟ್ಟಿದ್ದರು. ಬನ್ನಿಗಂಜಿನಿಂದ ಮೂರು ವಾರ ನಿಲ್ ಬಂತು. ನಾಲ್ಕನೆಯ ವಾರ ಅಕ್ಕ ಫೋನು ಎತ್ತಲಿಲ್ಲ. ಇಂದುಮತಿ ರಜೆ ಹಾಕಿ ಹೊರಟಳು.

ಸಂತೆಬಜಾರಿನ ಹತ್ತಿರ ಬಸ್ಸಿಳಿದಾಗ ಆಕಾಶ ಕಪ್ಪಾಗಿತ್ತು. ಸಂದಿಯಿಂದ ಸಂದಿಗೆ, ಗೋಡೆಯಿಂದ ಗೋಡೆಗೆ ಹಸಿ ಕೌದಿಗಳು ನೇತಾಡುತ್ತಿದ್ದವು. ಅವಳು ಎಣಿಸಲು ಹೋಗಲಿಲ್ಲ. ಅಕ್ಕ ಮನೆಯಲ್ಲಿರಲಿಲ್ಲ. ಮಸೀದಿಯ ಹಿಂದಿನ ಓಣಿಯಲ್ಲಿ, ಯಾರದೋ ಪಡಸಾಲೆಯಲ್ಲಿ ಮೂರು ಮಕ್ಕಳನ್ನು ಸಾಲಾಗಿ ಮಲಗಿಸಿ ಚಮಚದಿಂದ ನೀರು ಕುಡಿಸುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ನಿಲ್ಲಲು ಆಗದೆ ಗೋಡೆಗೆ ಒರಗಿದ್ದಳು.

"ಟಾಕಿ ಬಂದ್ ಮಾಡ್ರಿ ಅಂದ್ರ ವಾಲ್ವಿನಾಂವ ಕೇಳವಲ್ಲ," ಎಂದಳು. "ನೀ ಯಾವಾಕಿ ಹೇಳಾಕ ಅಂತಾನ. ಖರೇನ ಅಂತಾನ, ಹುದ್ದಿ ಇಲ್ಲ ನಂದು. ಪೌಡರೂ ಕೊಡವಲ್ಲರು. ಹತ್ತೊಂಬತ್ತ ಮಂದಿ ಹೋದ್ರು ಇಂದೂ. ಹೆಚ್ಚಿನವು ಕೂಸುಗೋಳು. ಮ್ಯಾಲ ಬರದು ಹಾಕು. ನಿನ್ನ ಮಿಷನ್‌ನ್ಯಾಗ ಬರಿ."

"ಬರದ್ರ ಯಾರು ಹೊಣಿ ಅಂತ ಕೇಳ್ತಾರಕ್ಕಾ. ಅದ ಕಾನೂನು."

"ಕೇಳ್ಲಿ. ನೀ ಬರಿ."

ಇಂದುಮತಿ ಅಂದೇ ರಾಜಧಾನಿಗೆ ಮರಳಿ, ತನ್ನ ಅಧಿಕಾರದಿಂದ ಬನ್ನಿಗಂಜಿನ ನಿಲ್ ಅಳಿಸಿ, ಹತ್ತೊಂಬತ್ತು ಸಾವು ಎಂದು ಬರೆದಳು. ಜೀವಮಾನದಲ್ಲಿ ಆ ವರದಿಯಲ್ಲಿ ಅವಳು ಬರೆದ ಮೊದಲ ನಿಜವಾದ ಅಂಕಿ ಅದು. ಬರೆದು ಮುಗಿಸಿದಾಗ ಅವಳಿಗೆ ಸ್ವಲ್ಪ ಹೊತ್ತು ಒಳ್ಳೆಯದೆನಿಸಿತು.

ಸಾವಿನ ಅಂಕಿ ಸೊನ್ನೆ ದಾಟಿದರೆ ಹೊಣೆಗಾರರು ಯಾರೆಂದು ದಾಖಲೆಯಿಂದಲೇ ಹುಡುಕಬೇಕೆಂಬ ನಿಯಮ ರಾಜ್ಯಪಾಲರದೇ. ಅಧಿಕಾರಿಗಳು ಬಡಪಾಯಿಗಳ ಮೇಲೆ ತಪ್ಪು ಹಾಕಿ ಪಾರಾಗಬಾರದೆಂದು ಮಾಡಿದ್ದು. ಯಂತ್ರ ಹುಡುಕಿತು. ಬನ್ನಿಗಂಜಿನಲ್ಲಿ ಪೈಪಿನ ದೋಷವನ್ನೂ ಕಾಯಿಲೆಯನ್ನೂ ಮೂವತ್ನಾಲ್ಕು ವರ್ಷ ಮರೆಮಾಚಿದ್ದೇನೆಂದು ಲಿಖಿತವಾಗಿ ಒಪ್ಪಿಕೊಂಡವಳು ಒಬ್ಬಳೇ ಇದ್ದಳು. ಸೋಮವಾರ ಹನ್ನೊಂದು ಗಂಟೆಗೆ ಪೊಲೀಸರು ಹೋದಾಗ ಅವಳು ಅದೇ ಓಣಿಯಲ್ಲಿದ್ದಳು. ಕುಡಿಸುತ್ತಿದ್ದ ಲೋಟ ಖಾಲಿಯಾಗುವವರೆಗೆ ಕಾಯಿರೆಂದಳಂತೆ, ಅವರು ಕಾದರಂತೆ.

ಈ ಸುದ್ದಿ ರಾಜ್ಯದ ಎಲ್ಲ ಹೆಡ್‌ಮಾಸ್ತರರ ಮೊಬೈಲಿಗೂ ಒಂದೇ ದಿನದಲ್ಲಿ ಮುಟ್ಟಿತು. ಆ ಶನಿವಾರ ಸಂಜೆ ಇಂದುಮತಿ ಪರದೆಯ ಮುಂದೆ ಕುಳಿತಿದ್ದಳು. ಅಲ್ಲೊಂದು ಇಲ್ಲೊಂದು ಊರಿನವರು ಹಿಂದಿನ ವಾರ ಹೆದರಿ ಹೆದರಿ ಒಂದು, ಎರಡು ಪ್ರಕರಣ ಎಂದು ಬರೆದಿದ್ದರು. ಅವೂ ಅಳಿಸಿಹೋದವು. ಸಾವಿರದ ಎಂಟುನೂರ ಮೂವತ್ತೊಂಬತ್ತು ಕಡೆಗಳಿಂದ ನಿಲ್ ಬಂತು. ನೂರ್‌ಜಹಾನ್‌ಳ ಊರಿನದೂ ಬಂತು. ಅಲ್ಲಿ ನೂರ್‌ಜಹಾನ್‌ಳ ಕೂಸೇ ಗುರುವಾರ ತೀರಿಕೊಂಡಿತ್ತೆಂದು ಇಂದುಮತಿಗೆ ಫೋನಿನಲ್ಲಿ ತಿಳಿದಿತ್ತು.

ರಾಜ್ಯಪಾಲರ ಮುಂದೆ ಹೋಗಿ ಅದನ್ನೇ ಹೇಳಿದಳು. ಈ ಸಲ ದಾಖಲೆ ಇರಲಿಲ್ಲ. ಹೆಸರು ಇತ್ತು, ಕೂಸಿನ ವಯಸ್ಸು ಇತ್ತು.

ಫುಕನ್ ಓದುತ್ತಿದ್ದ ಎಂಟನೆಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. "ಇಂದುಮತಿಯವರೇ, ನಾನು ತಮ್ಮನ್ನು ನಂಬುತ್ತೇನೆ," ಎಂದರು. "ಆದರೆ ನಂಬಿಕೆಯ ಮೇಲೆ ರಾಜ್ಯವನ್ನು ನಡೆಸಿದವರು ಅದನ್ನು ಎಲ್ಲಿಗೆ ತಂದು ನಿಲ್ಲಿಸಿದ್ದರು ಎಂದು ತಾವೇ ಕಂಡಿದ್ದೀರಿ. ನಾನು ಒಂದು ಸಲ ದಾಖಲೆಯನ್ನು ಬಿಟ್ಟು ಕಣ್ಣೀರನ್ನು ನಂಬಿದರೆ, ಶಾಮಿಯಾನದಲ್ಲಿ ಕುಳಿತವರ ಕಣ್ಣೀರನ್ನು ಯಾವ ಬಾಯಿಂದ ಬೇಡವೆನ್ನಲಿ?"

"ಕೂಸುಗಳು ಸಾಯ್ತಿದಾವೆ ಸರ್."

"ಒಂದು ಊರಿನಲ್ಲಿ. ಆ ಊರಿನ ದಾಖಲೆ ಮೊದಲೇ ಕೆಟ್ಟಿತ್ತು. ಉಳಿದ ಊರುಗಳವರು ಏನಾದರೂ ಬರೆಯಲಿ, ನಾನು ಇಂದೇ..." ಮಾತು ಅಲ್ಲಿಗೇ ನಿಂತಿತು. ಇನ್ನು ಯಾರೂ ಬರೆಯುವುದಿಲ್ಲವೆಂದು ಅವರಿಗೂ ಅರ್ಥವಾಗಿತ್ತು ಎಂದು ಇಂದುಮತಿಗೆ ಅನಿಸಿತು. ಆದರೂ ಮೇಜಿನ ಮೇಲಿದ್ದ ಎಂಟನೆಯ ಪಟ್ಟಿಯನ್ನು ಅವರು ಬದಿಗೆ ಸರಿಸಲಿಲ್ಲ. ಶಾಮಿಯಾನದವರೂ ಆ ವಾರ ಸಾವಿನ ಮಾತೆತ್ತಲಿಲ್ಲ. ಗೌಡರ ಪದಕ ಇನ್ನೂ ಅವರ ಮನೆಯ ಗೋಡೆಯ ಮೇಲಿತ್ತು.

ತಿಂಗಳ ಕೊನೆಯ ಬುಧವಾರ ಜೈಲಿನಲ್ಲಿ ಭೇಟಿಗೆ ಅವಕಾಶ ಸಿಕ್ಕಿತು. ಜಾಲರಿಯ ಆಚೆ ಚಂದಮ್ಮ ಅರ್ಧಕ್ಕೆ ಇಳಿದುಹೋಗಿದ್ದಳು. ತಂಗಿಯನ್ನು ಕಂಡೊಡನೆ ಊಟದ್ದು ನಿದ್ರೆಯದು ವಿಚಾರಿಸಿದಳು. ಇಲ್ಲಿನ ನೀರು ಚಲೋ ಇಲ್ಲ, ಕಾಯಿಸಿ ಕೊಡಿರೆಂದು ಹೇಳಿ ಜೈಲರನ ಹತ್ತಿರ ಬೈಸಿಕೊಂಡದ್ದನ್ನು ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಊರಾಗ ಹ್ಯಾಂಗದ? ಈ ವಾರ ಎಷ್ಟಾತು?" ಎಂದು ಕೇಳಿದಳು.

ಇಂದುಮತಿ ಬರುವ ದಾರಿಯಲ್ಲೇ ಅದಕ್ಕೆ ಉತ್ತರ ಸಿದ್ಧಮಾಡಿಕೊಂಡಿದ್ದಳು. ಇಷ್ಟು ಸೋತುಹೋದ ಜೀವಕ್ಕೆ ಇನ್ನೇಕೆ ಹೇಳಬೇಕು ಎಂದುಕೊಂಡಿದ್ದಳು.

"ಈ ವಾರ ಯಾರೂ ಇಲ್ಲಕ್ಕಾ," ಎಂದಳು. "ಎಲ್ಲಾ ನಿಂತದ."

ಚಂದಮ್ಮ ಜಾಲರಿಗೆ ಹಣೆ ತಾಗಿಸಿಕೊಂಡು ಅವಳ ಮುಖವನ್ನೇ ನೋಡಿದಳು. ಸಿಟ್ಟಾಗಲಿಲ್ಲ, ಅಳಲೂ ಇಲ್ಲ.

"ಯಾರ್ ಯಾರ ಮನ್ಯಾಗಂತ ಹೇಳು," ಎಂದಳು.

ಇಂದುಮತಿ ಹೇಳತೊಡಗಿದಳು. ಕಮ್ಮಾರ ಮೌನೇಶನ ಮನೆ, ಇಬ್ಬರು. ಬಳೆಗಾರ ಖಾಸಿಂಸಾಬನ ಮನೆ, ಮುದುಕಿ. ಹೂಗಾರರ ಮನೆ, ಬಾಣಂತಿ. ವಾಲ್ವಿನವನ ಮನೆ, ಸಣ್ಣ ಹುಡುಗಿ. ಚಂದಮ್ಮ ಒಂದೊಂದು ಹೆಸರಿಗೂ ತಲೆ ಅಲ್ಲಾಡಿಸುತ್ತ, ಆ ಮನೆ ಯಾವ ಓಣಿಯಲ್ಲಿ ಎಲ್ಲಿ ಬರುತ್ತದೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಇನ್ನೂ ಹದಿಮೂರು ಮನೆಗಳು ಉಳಿದಿರುವಾಗ ಹೊತ್ತಾಯಿತೆಂದು ಪೇದೆ ಬಂದಳು.